ಹೈಪರ್ ಎಂಬ ಉಪ್ಪರಿಗೆ

ಸಂಬಳದಿಂದ ಹಿಡಿದು ತಲೆಗೂದಲಿನವರೆಗೆ ಎಲ್ಲದರಲ್ಲೂ ಕೊರತೆಯನ್ನೇ ಕಂಡ ನನಗೆ, 52ನೆಯ ವಯಸ್ಸಿನಲ್ಲಿ ಮಾಡಿಸಿಕೊಂಡ ತಪಾಸಣೆಯು ನನ್ನೊಳಗೆ ಇಷ್ಟೊಂದು ಹೆಚ್ಚುವರಿ ದಾಸ್ತಾನಿದೆ ಎಂದು ತಿಳಿಸಿದಾಗ ಮೊದಲು ಉಂಟಾದದ್ದು ಗಾಬರಿಯಲ್ಲ, ಒಂದು ಬಗೆಯ ಹೆಮ್ಮೆ.

ಮೊದಲು ಸ್ಕ್ಯಾನಿಂಗ್. ಒಂದು ಲೀಟರ್ ನೀರು ಕುಡಿಸಿ, ಮೂತ್ರಕ್ಕೆ ಹೋಗಕೂಡದೆಂದು ಮುಕ್ಕಾಲು ಗಂಟೆ ಕೂರಿಸಿದ ಮೇಲೆ, ವೈದ್ಯರು ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸುರಿದು, ಬಲಪಕ್ಕೆಯ ಕೆಳಗೆ ಒತ್ತುತ್ತಾ, ಟೈಪ್ ಮಾಡುವ ಹುಡುಗಿಗೆ ‘ಮೈಲ್ಡ್ ಹೆಪಟೊಮೆಗಲಿ, 16.4 ಸೆಂಟಿಮೀಟರ್’ ಎಂದರು. ಯಕೃತ್ತು, ಅಂದರೆ ಲಿವರ್, ತುಸು ದೊಡ್ಡದಾಗಿದೆ ಎಂದರ್ಥ. ಆ ಕ್ಷಣದಲ್ಲಿ ನನ್ನೊಳಗೆ ಅತಿಯಾಗಿದ್ದುದು ಬೇರೆಯೇ ಎಂದು ಹೇಳಲು ಸಂಕೋಚವಾಯಿತು.

ನಿಘಂಟು ತಿರುವಿಹಾಕುವ ಚಟದವನಾದ್ದರಿಂದ ವರದಿಗಾಗಿ ಕಾಯುತ್ತಲೇ ಸಂಶೋಧನೆ ನಡೆಸಿದೆ. ಗ್ರೀಕಿನ ‘ಹೆಪಾರ್’ ಸಂಸ್ಕೃತದ ‘ಯಕೃತ್’ಗೆ ದಾಯಾದಿ, ‘ಮೆಗಸ್’ ನಮ್ಮ ‘ಮಹತ್’ಗೆ. ಅಂದರೆ ನನ್ನದು ಮಹಾಯಕೃತ್ತು! ‘ಹೈಪರ್’ ಎಂಬುದೋ ‘ಉಪರಿ’ಯ, ಆ ಮೂಲಕ ನಮ್ಮ ಉಪ್ಪರಿಗೆಯ ನೆಂಟ. ಕೊನೆಯ ‘ಈಮಿಯಾ’ ರಕ್ತವನ್ನು ಸೂಚಿಸುತ್ತದೆ. 7ರೊಳಗೆ ಇರಬೇಕಾದ ಯೂರಿಕ್ ಆಮ್ಲ 7.9ಕ್ಕೆ ಏರಿ ಉಪ್ಪರಿಗೆಯಲ್ಲಿ ಕುಳಿತಿದ್ದರೆ ಅದು ಹೈಪರ್‌ಯೂರಿಸೀಮಿಯಾ. 150ರ ಗಡಿ ದಾಟಿ 238 ಮುಟ್ಟಿದ್ದ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಸ್ಥಿತಿಗೆ ಹೈಪರ್‌ಟ್ರೈಗ್ಲಿಸರೈಡೀಮಿಯಾ ಎಂದು ಹೆಸರು. ಅದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನಿಗೆ ಬೇರೆ ವ್ಯಾಯಾಮ ಬೇಕಿಲ್ಲವೆಂದು ನನ್ನ ಅಭಿಪ್ರಾಯ.

ಎಡವಟ್ಟಾದದ್ದು ಸಕ್ಕರೆಯಲ್ಲಿ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕೆಳಗಿರಬೇಕಾದದ್ದು 118 ಇತ್ತು. 126 ಮುಟ್ಟಿದರೆ ಮಧುಮೇಹವಾದ್ದರಿಂದ ನಾನಿನ್ನೂ ಹೊಸ್ತಿಲಲ್ಲಿದ್ದೆ. ಇಷ್ಟನ್ನು ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಹೊಸ ಪಾಂಡಿತ್ಯದ ಹುಮ್ಮಸ್ಸಿನಲ್ಲಿ ತಿಪಟೂರಿನ ಅಕ್ಕನಿಗೆ ಫೋನ್ ಮಾಡಿ ‘ಹೈಪೊಗ್ಲೈಸೀಮಿಯಾ’ ಎಂದುಬಿಟ್ಟೆ. ‘ಹೈಪೊ’ ಎಂದರೆ ‘ಉಪ’ದ ಕಡೆಯದು, ನೆಲಮನೆ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಭಾವನವರಿಗೆ ಸಕ್ಕರೆ ಇಳಿದು ಕಣ್ಣು ಕತ್ತಲೆಯಾದದ್ದನ್ನು ಎರಡು ಬಾರಿ ಕಂಡಿದ್ದ ಅಕ್ಕ, ಮರುಮಾತಾಡದೆ ಫೋನ್ ಇಟ್ಟು, ನನ್ನ ಹೆಂಡತಿಗೆ ಕರೆಮಾಡಿದಳು.

ಲಿಫ್ಟ್ ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ, ಬೆವರು ಸುರಿಸುತ್ತಾ, ಕಾಲು ನಡುಗುತ್ತಾ ಬಂದವನನ್ನು ಕಂಡು ಬಾಗಿಲಲ್ಲಿದ್ದ ಹೆಂಡತಿಗೆ ಉಳಿದಿದ್ದ ಸಂಶಯವೂ ಹೋಯಿತು. ‘ಮೊದಲು ಇದನ್ನು ಕುಡಿಯಿರಿ, ಮಾತು ಆಮೇಲೆ’ ಎಂದು ಬೆಲ್ಲದ ಪಾನಕದ ದೊಡ್ಡ ಲೋಟವನ್ನು ಬಾಯಿಗೇ ಹಿಡಿದಳು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಏಲಕ್ಕಿ ಹಾಕಿದ್ದಳೆಂಬ ಕಾರಣಕ್ಕೆ ನಾನೂ ಬಲವಾಗಿ ವಿರೋಧಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಎದುರುಮನೆಯವರು ಗ್ಲೂಕೋಸ್ ಪೊಟ್ಟಣ ಹಿಡಿದು ಬರುವ ವೇಳೆಗೆ ಎರಡನೆಯ ಲೋಟವೂ ಅರ್ಧವಾಗಿತ್ತು.

ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿ, ಅದು ಹೈಪೊ ಅಲ್ಲ, ಹೈಪರ್ ಎಂದು ಬಿಡಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

‘ಮೊದಲೇ ಹೇಳಬಾರದೇನೋ? ಕೊಬ್ಬರಿ ಮಿಠಾಯಿ ಡಬ್ಬ ಆಗಲೇ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಟ್ಟೆನಲ್ಲೋ!’