ಹಾಡು ಮುಗೀತಲ್ವಾ ಮಾಮ?

ಹೋದ ತಿಂಗಳು ಸಕಲೇಶಪುರಕ್ಕೆ ಹೋಗುವಾಗ ಕಾರಿನಲ್ಲಿ ಒಂದು ಸಣ್ಣ ಜಗಳ ಆಯಿತು. ಮುಂದಿನ ಸೀಟಿನಲ್ಲಿ ಅಕ್ಕನ ಮಗ, ಅವನ ಕೈಯಲ್ಲಿ ನನ್ನ ಫೋನು. ಹಾಡು ಹಾಕುವ ಅಧಿಕಾರ ಹತ್ತೊಂಬತ್ತರ ಆ ಹುಡುಗನದ್ದು, ಪೆಟ್ರೋಲ್ ಹಾಕಿಸುವ ಅಧಿಕಾರ ನನ್ನದು. ಕುಣಿಗಲ್ ದಾಟಿದ ಮೇಲೆ ಹಠ ಮಾಡಿ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಹಾಡು ಹಾಕಿಸಿದೆ. ‘ಕಂಫರ್ಟೆಬ್ಲಿ ನಂಬ್’. ನಾಲ್ಕೂವರೆ ನಿಮಿಷದ ಹತ್ತಿರ ಹಾಡುವುದು ನಿಂತಿತು. ತಂಡದ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಎರಡನೇ ಸೋಲೋ, ಅಂದರೆ ಹಾಡುವವರು ಸುಮ್ಮನಾಗಿ ಒಂದೇ ವಾದ್ಯ ಮುಂದೆ ಬರುವ ಭಾಗ, ಎತ್ತಿಕೊಂಡ. ನಾನು ಸ್ಟೀರಿಂಗ್ ಮೇಲೆ ಬೆರಳು ಬಡಿಯಲು ತಯಾರಾದೆ. ಅಷ್ಟರಲ್ಲಿ ಬೇರೆ ಯಾವುದೋ ಹಾಡು ಬಂತು.

"ಯಾಕೋ ತೆಗೆದೆ?"

"ಹಾಡು ಮುಗೀತಲ್ವಾ ಮಾಮ?"

ಅವನು ಕಿಚಾಯಿಸುತ್ತಿರಲಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಹಾಡುವವರು ಬಾಯಿ ಮುಚ್ಚಿದರೆ ಹಾಡು ಮುಗಿಯಿತು. ಉಳಿದದ್ದು ಸಿನಿಮಾ ಬಿಟ್ಟ ಮೇಲೆ ಪರದೆ ಮೇಲೆ ಓಡುವ ಹೆಸರುಗಳ ಹಾಗೆ, ಯಾರು ಕೂತು ನೋಡುತ್ತಾರೆ? ನನಗೆ ಮಾತೇ ಹೊರಡಲಿಲ್ಲ. ಆ ಹಾಡಿನ ಜೀವ ಇರುವುದೇ ಆ ಕೊನೆಯ ಎರಡು ನಿಮಿಷದಲ್ಲಿ. ಊಟಕ್ಕೆ ಕೂತವನು ಪಲ್ಯ, ಕೋಸಂಬರಿ ತಿಂದು, ಅನ್ನ ಬರುವ ಹೊತ್ತಿಗೆ ಎಲೆ ಮಡಚಿ ಎದ್ದ ಹಾಗಾಯಿತು.

ಅಲ್ಲಿಂದ ವಾದ ಶುರು. "ಸೋಲೋ ಅಂದ್ರೆ ಮೀಸೆ ತಿರುವೋದು ಮಾಮ. ನೋಡಿ ನಾನೆಷ್ಟು ಫಾಸ್ಟ್ ಅಂತ. ಅದು ಮುಗಿಯೋ ತನಕ ನಾನ್ಯಾಕೆ ಕಾಯಬೇಕು?" ಹಿಂದಿನ ಸೀಟಿನಿಂದ ಅಕ್ಕ, "ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ?"

ಸಿಟ್ಟು ಬಂದರೂ ಒಳಗೊಳಗೇ ಗೊತ್ತಿತ್ತು, ಅವನು ಹೇಳಿದ್ದು ಅರ್ಧ ಸರಿ ಅಂತ. ಆ ಅರ್ಧಕ್ಕೆ ನಾನೇ ಸಾಕ್ಷಿ.

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾನೂ ಒಂದು ಬ್ಯಾಂಡಿನಲ್ಲಿದ್ದೆ. ಸೆಕೆಂಡ್ ಹ್ಯಾಂಡ್ ಗಿಟಾರ್, ಸಾಲ ತಂದ ಡಿಸ್ಟಾರ್ಷನ್ ಪೆಡಲ್. ಪಕ್ಕದ ಊರಿನ ಒಂದು ಕಾಲೇಜಿನ ಫೆಸ್ಟಿಗೆ ಹೋದೆವು. ಸೋಲೋ ಹದಿನಾರು ಬಾರ್, ಅಂದರೆ ತಾಳದ ಹದಿನಾರು ಸುತ್ತು, ಮಾತ್ರ ಎಂದು ಪ್ರಾಕ್ಟೀಸಿನಲ್ಲೇ ಒಪ್ಪಂದವಾಗಿತ್ತು. ಸ್ಟೇಜ್ ಮೇಲೆ ಲೈಟು ಬಿತ್ತು, ನಾನು ಕಣ್ಣು ಮುಚ್ಚಿದೆ. ಹದಿನಾರು ಮುಗಿಯಿತು. ಮೂವತ್ತೆರಡೂ ಮುಗಿಯಿತು. ಹಾಡುವವನು ಮೈಕ್ ಹತ್ತಿರ ಬಂದು ಬಾಯಿ ತೆರೆದು, ಹಿಂದೆ ಸರಿದು, ನೀರು ಕುಡಿದು, ಬಾಟಲಿ ಮುಚ್ಚಿ, ಮತ್ತೆ ತೆರೆದು ಕುಡಿದನಂತೆ. ಡ್ರಮ್ಸ್‌ನವನು ‘ಸಾಕು’ ಅನ್ನುವುದಕ್ಕೆ ನಾಲ್ಕು ಬಾರ್‌ಗೊಮ್ಮೆ ಸಿಂಬಲ್ ಮೇಲೆ ಜೋರಾಗಿ ಹೊಡೆಯುತ್ತಿದ್ದ. ನಾನು ಅದನ್ನು ಪ್ರೋತ್ಸಾಹ ಅಂದುಕೊಂಡೆ. ಕೊನೆಗೆ ಬೇಸ್ ನುಡಿಸುವವನು ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಲೋ, ಸ್ಟಾಪ್ ದಾಟಿ ಹೋಯ್ತು, ಇಳಿಯೋ."

ಬಹುಮಾನದ ಮಾತು ಬೇಡ. ಇಂದಿಗೂ ಯಾರದ್ದಾದರೂ ಮದುವೆಯಲ್ಲಿ ಸಿಕ್ಕರೆ ಅವರು ಕೇಳುವ ಮೊದಲ ಪ್ರಶ್ನೆ, "ಏನೋ, ಮುಗೀತಾ ನಿನ್ನ ಸೋಲೋ?"

ಆದರೆ ನನ್ನಂಥವರು ಕೆಡಿಸಿದರು ಅಂತ ಸೋಲೋವನ್ನೇ ತೆಗೆದುಹಾಕಿದರೆ? ಅದನ್ನೂ ಒಮ್ಮೆ ಮಾಡಿ ನೋಡಿದ್ದಾರೆ. 2003ರಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾದವರು ‘ಸೇಂಟ್ ಆ್ಯಂಗರ್’ ಅಂತ ಆಲ್ಬಂ ತಂದರು. ಹನ್ನೊಂದು ಹಾಡು, ಒಂದರಲ್ಲೂ ಗಿಟಾರ್ ಸೋಲೋ ಇಲ್ಲ. ಅಭಿಮಾನಿಗಳು ಎಷ್ಟು ಗೊಣಗಿದರೆಂದರೆ, ಆ ಗೊಣಗಾಟ ಇನ್ನೂ ನಿಂತಿಲ್ಲ. 2008ರ ಆಲ್ಬಂನಲ್ಲಿ ಸೋಲೋ ವಾಪಸ್ ಬಂತು. 2011ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಆ ಕೆಸರಿನಲ್ಲಿ ನಿಂತಿದ್ದೆ. ಅವರ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ನುಡಿಸುವುದನ್ನು ಸುತ್ತಲಿದ್ದ ಹುಡುಗರು ಬಾಯಲ್ಲೇ ಹೇಳುತ್ತಿದ್ದರು. ಸಾಹಿತ್ಯ ಅಲ್ಲ, ಗಿಟಾರ್ ಅನ್ನು. ಒಂದೊಂದು ಸ್ವರವೂ ಬಾಯಿಪಾಠ.

ಹಾಗಾಗಿ ನನ್ನದೊಂದು ಅಳತೆಗೋಲು ಇತ್ತು. ಗುನುಗೋಕೆ ಬಂದರೆ ಅದು ಒಳ್ಳೆಯ ಸೋಲೋ. ನಿರ್ವಾಣ ತಂಡದ ಕರ್ಟ್ ಕೊಬೇನ್ 1991ರ ಹೆಸರುವಾಸಿ ಹಾಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ನಲ್ಲಿ ಏನು ಮಾಡಿದ? ತಾನು ಹಾಡಿದ ಸಾಲಿನ ಮಟ್ಟನ್ನೇ ಗಿಟಾರಿನಲ್ಲಿ ನುಡಿಸಿಬಿಟ್ಟ. ಅಷ್ಟೇ. ಗಿಟಾರ್ ಕ್ಲಾಸಿಗೆ ಸೇರಿ ಒಂದೆರಡು ತಿಂಗಳಾದವರೂ ನುಡಿಸಬಹುದು. ಆದರೂ ಆ ಜಾಗದಲ್ಲಿ ಬೇರೆ ಏನನ್ನೂ ಊಹಿಸಿಕೊಳ್ಳಲು ಆಗುವುದಿಲ್ಲ. ಇನ್ನು ನನ್ನ ಗಿಲ್ಮೋರ್ ಸೋಲೋ ಒಂದೇ ಉಸಿರಿಗೆ ಹರಿದು ಬಂದದ್ದು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅಲ್ಲ. ಅವನು ಐದಾರು ಸಲ ನುಡಿಸಿ, ಚೆನ್ನಾಗಿ ಬಂದ ತುಂಡುಗಳನ್ನು ಗುರುತು ಮಾಡಿಕೊಂಡು, ಅವನ್ನು ಜೋಡಿಸಿದ್ದಂತೆ. ಹರಿದದ್ದಲ್ಲ, ಹೊಲಿದದ್ದು. ಇದು ಗೊತ್ತಾದ ಮೇಲೆ ನನಗೆ ಗೌರವ ಇನ್ನೂ ಜಾಸ್ತಿಯಾಯಿತು. ಹದಿನಾರು ಬಾರ್‌ನಲ್ಲಿ ಯಾವುದನ್ನು ಬಿಡಬೇಕು ಅಂತ ಗೊತ್ತಿಲ್ಲದೆ ಮಾನ ಕಳೆದುಕೊಂಡವನು ನಾನು.

ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಂತಾಗ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಲೋಟ ಊದುತ್ತಾ ಒಂದೇ ಪ್ರಶ್ನೆ ಕೇಳಿದ. "ಸರಿ ಮಾಮ, ಡ್ರಮ್ ಸೋಲೋ ಹೇಗೆ ಗುನುಗ್ತೀರಾ?"

ಸಿಕ್ಕಿಬಿದ್ದೆ. ಆಗ ನೆನಪಾದವರು ನಮ್ಮ ತಾತ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರ ರಾಮನವಮಿ ಕಚೇರಿಗಳು ನಡೆಯುತ್ತವಲ್ಲ, 1939ರಿಂದ ಬಂದ ಪದ್ಧತಿ, ಅಲ್ಲಿಗೆ ತಾತ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ದೊಡ್ಡ ಕೀರ್ತನೆ ಮುಗಿಯುತ್ತಾ ಬಂದು, ಹಾಡುವವರು ಮೃದಂಗದ ಕಡೆ ತಿರುಗಿ ತಲೆ ಆಡಿಸಿ ತನಿ, ಅಂದರೆ ತಾಳವಾದ್ಯದವರ ಸೋಲೋ, ಬಿಟ್ಟರೋ ಇಲ್ಲವೋ, ಪೆಂಡಾಲಿನ ತುಂಬ ಕುರ್ಚಿ ಎಳೆಯುವ ಸದ್ದು. ಜನ ಎದ್ದು ಕಾಫಿಗೆ ಹೊರಡುತ್ತಿದ್ದರು. ನನಗೂ ಹೋಗುವ ಆಸೆ. ತಾತ ಬಿಡುತ್ತಿರಲಿಲ್ಲ. ನನ್ನ ಕೈ ಹಿಡಿದು ತಮ್ಮ ತೊಡೆ ಮೇಲೆ ಅಂಗೈ ತಟ್ಟಿಸುತ್ತಿದ್ದರು. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ತಟ್ಟು, ತಿರುವು. ತಟ್ಟು, ತಿರುವು. "ಎಣಿಸು. ತಪ್ಪಿದ್ರೆ ಚಿಂತೆ ಇಲ್ಲ, ಮುಂದಿನ ಸಮಕ್ಕೆ ಹಿಡ್ಕೊ." ಸಮ ಅಂದರೆ ತಾಳದ ಸುತ್ತು ಶುರುವಾಗುವ ಜಾಗ.

ಮೃದಂಗದವರು ಒಂದು ಸುತ್ತು, ಘಟದವರು ಒಂದು ಸುತ್ತು. ಬರಬರುತ್ತಾ ಸುತ್ತುಗಳು ಚಿಕ್ಕದಾಗುತ್ತವೆ. ಇವರು ಎರಡು ತಾಳ ನುಡಿಸಿದರೆ ಅವರೂ ಎರಡು, ಇವರು ಒಂದು, ಅವರೂ ಒಂದು, ಆಮೇಲೆ ಅರ್ಧ, ಕಾಲು. ಕೊನೆಗೆ ಇಬ್ಬರೂ ಒಟ್ಟಿಗೆ. ಆಗ ತಾತನ ಬೆನ್ನು ನೆಟ್ಟಗಾಗುತ್ತಿತ್ತು. ಮುಕ್ತಾಯ ಮೂರು ಸಲ ಬರುತ್ತದೆ. ಒಂದನೇ ಸಲ ಎಲ್ಲಿ ಇಳಿಯುತ್ತದೋ ತಿಳಿಯುವುದಿಲ್ಲ. ಎರಡನೇ ಸಲ ಅಂದಾಜು ಸಿಗುತ್ತದೆ. ಮೂರನೇ ಸಲ ಮೈಯೆಲ್ಲ ಕಿವಿ. ಕೊನೆಯ ಪೆಟ್ಟು ಬಿದ್ದ ಕಡೆಗೇ ಹಾಡುವವರು ಕೀರ್ತನೆಯ ಸಾಲನ್ನು ಎತ್ತಿಕೊಳ್ಳಬೇಕು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಕ್ಷಣಕ್ಕೆ ಸರಿಯಾಗಿ ತಾತ ನನ್ನ ಕೈಯನ್ನು ಒತ್ತುತ್ತಿದ್ದರು. ಜೋರಾಗಿ. ಅದೇ ಹೊತ್ತಿಗೆ ಕಾಫಿಗೆ ಹೋದವರು ಬಾಯಿ ಒರೆಸಿಕೊಳ್ಳುತ್ತಾ ವಾಪಸ್ ಬಂದು ಕೂರುತ್ತಿದ್ದರು. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ಇದನ್ನು ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅಂತ ನಾನು ಭಾಷಣ ಶುರು ಮಾಡುವವನಿದ್ದೆ. ಹೆಬ್ಬೆರಳಲ್ಲಿ ಸ್ಕಿಪ್ ಮಾಡುವುದು ಹೊಸದಿರಬಹುದು. ಕಾಲಲ್ಲಿ ಸ್ಕಿಪ್ ಮಾಡುವುದರಲ್ಲಿ ನಮ್ಮ ಹಿರಿಯರು ಪಳಗಿದವರು. ಅದೂ ಟಿಕೆಟ್ ಕೊಂಡು!

ಹಾಗಾಗಿ ಅಳತೆಗೋಲು ಸ್ವಲ್ಪ ತಿದ್ದಿಕೊಂಡೆ. ಗುನುಗೋಕೆ ಬರಬೇಕು, ಇಲ್ಲಾ ಎಣಿಸೋಕೆ ಬರಬೇಕು. ಎರಡೂ ಬರದಿದ್ದರೆ ಧಾರಾಳವಾಗಿ ಕಾಫಿಗೆ ಹೋಗಿ, ನನ್ನ ತಕರಾರಿಲ್ಲ.

ಎರಡೂ ಒಟ್ಟಿಗೆ ಸಿಗುವ ಕಡೆಯೂ ಇದೆ. ನಮ್ಮ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಘಟ ತರಂಗ ಕೇಳಿ. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿಟ್ಟುಕೊಂಡು ಮಡಕೆಯಲ್ಲೇ ರಾಗ ಹೊರಡಿಸುತ್ತಾರೆ. ಹೆಂಗಸರು ಘಟ ಮುಟ್ಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಕಲಿತವರು ಅವರು. ‘ಶಕ್ತಿ’ ತಂಡದ ಮೊದಲ ಆಲ್ಬಂ ಕೇಳಿ, 1975ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ಜನರೆದುರೇ ನುಡಿಸಿದ್ದು. ಮೊದಲನೆಯದೇ ಹದಿನೆಂಟು ನಿಮಿಷ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ. ಅಲ್ಲಿ ಸೋಲೋ ಒಬ್ಬನದ್ದೇ ಅಂತ ಅನ್ನಿಸುವುದೇ ಇಲ್ಲ. ಒಬ್ಬ ಮಾತಾಡುವಾಗ ಉಳಿದವರು ಹೂಂಗುಟ್ಟುವುದು ಕೇಳಿಸುತ್ತದೆ.

ಕದ್ರಿ ಗೋಪಾಲನಾಥ್ ಹೆಸರು ಹೇಳದೆ ಮುಂದೆ ಹೋದರೆ ಮಂಗಳೂರಿನ ಗೆಳೆಯರು ನನ್ನನ್ನು ಬ್ಲಾಕ್ ಮಾಡುತ್ತಾರೆ. ನಾಗಸ್ವರದ ಮನೆಯ ಹುಡುಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದವರು. ಸ್ವರವನ್ನು ತೂಗಿ ಎಳೆಯುವ ಗಮಕಕ್ಕೆ ಬಗ್ಗದ ಆ ಹಿತ್ತಾಳೆ ವಾದ್ಯವನ್ನು ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಂಡು ಬಗ್ಗಿಸಿದರು. 1980ರಲ್ಲಿ ಮುಂಬೈ ಜಾಝ್ ಉತ್ಸವ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. 2019ರಲ್ಲಿ ಹೋಗಿಬಿಟ್ಟರು. ಅದೇ ಥರ, ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಅಂತ ಆಲ್ಬಂ ಮಾಡಿದ್ದಾರೆ. ಆರ್.ಎ. ರಮಾಮಣಿ ಅವರ ದನಿ, ಅದರ ಪಕ್ಕದಲ್ಲಿ ಆ ಸ್ಯಾಕ್ಸು. ನಮ್ಮೂರಿನವರದ್ದೇ ಆದರೂ ನಮ್ಮಲ್ಲೇ ಎಷ್ಟೋ ಜನ ಕೇಳಿಲ್ಲ. ರಾತ್ರಿ ದೀಪ ಆರಿಸಿ ಕೇಳುವಂಥದ್ದು.

ಹಾಸನ ದಾಟಿದ ಮೇಲೆ ವಾದ ತಣ್ಣಗಾಗಿ ಕೊಡುಕೊಳ್ಳುವ ವ್ಯಾಪಾರ ಶುರುವಾಯಿತು. ಅವನದೊಂದು, ನನ್ನದೊಂದು. ಷರತ್ತು ಇಷ್ಟೇ: ಯಾರೂ ಅರ್ಧಕ್ಕೆ ತೆಗೆಯುವ ಹಾಗಿಲ್ಲ.

ನಾನು ಸ್ವರಾತ್ಮ ಹಾಕಿದೆ. ಮೈಸೂರಿನಲ್ಲಿ ಹುಟ್ಟಿದ ತಂಡ, 2009ರ ಮೊದಲ ಆಲ್ಬಂ. ಅದರಲ್ಲಿ ಸಂಜೀವ್ ನಾಯಕ್ ಪಿಟೀಲು ಬರುವ ಜಾಗಗಳನ್ನು ನಾನು ಈಗಲೂ ಸ್ನಾನ ಮಾಡುವಾಗ ಗುನುಗುತ್ತೇನೆ. ಹುಡುಗ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಅನ್ನುವ ತಂಡ ಹಾಕಿದ. ದಿಲ್ಲಿಯವರು. ಹೆಸರು ಕೇಳಿ ಯಾವುದೋ ಅಂಗಡಿ ಅಂದುಕೊಂಡೆ. ಹಳೇ ಕ್ಲಬ್ಬಿನಲ್ಲಿ ಕೂತ ಹಾಗಿನ ಹಾಡು. ನಡುವೆ ತುತ್ತೂರಿ ಬಂದಾಗ ಹುಡುಗ ತನಗೇ ಗೊತ್ತಿಲ್ಲದೆ ಅದರ ಜೊತೆ ಗುನುಗುತ್ತಿದ್ದ. ನಾನು ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ ಹುಬ್ಬು ಹಾರಿಸಿದೆ ಅಷ್ಟೇ.

ಆಮೇಲೆ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್. 1996ರಿಂದ ಬೆಂಗಳೂರಿನಲ್ಲಿ ಬೇರು ಬಿಟ್ಟವರು. ಬ್ರೂಸ್ ಲೀ ಮಣಿ ಗಿಟಾರ್ ನುಡಿಸುವುದು ಪಕ್ಕದ ಮನೆಯವರು ಕಟ್ಟೆ ಮೇಲೆ ಕೂತು ಹರಟೆ ಹೊಡೆದ ಹಾಗೆ, ಎಲ್ಲೂ ಗಂಟಲು ಏರಿಸುವುದಿಲ್ಲ. ಹುಡುಗ ಪರ್ವಾಜ್ ಹಾಕಿದ. ಇವರೂ ಬೆಂಗಳೂರಿನ ತಂಡವೇ, ಕಾಶ್ಮೀರದಿಂದ ಬಂದ ಹುಡುಗರು ಕಟ್ಟಿದ್ದು, ಉರ್ದುವಿನಲ್ಲೂ ಕಾಶ್ಮೀರಿಯಲ್ಲೂ ಹಾಡುತ್ತಾರೆ. 2014ರ ‘ಬಾರನ್’ ಆಲ್ಬಂ. ಉದ್ದುದ್ದ ಹಾಡುಗಳು. "ಇದರಲ್ಲಿ ಇಷ್ಟು ಹೊತ್ತು ಗಿಟಾರ್ ಇದೆಯಲ್ಲೋ, ಇದನ್ನ ಹೇಗೆ ಸಹಿಸ್ಕೊಂಡೆ?" ಅಂದೆ. "ಇದು ಸೋಲೋ ಅಲ್ಲ ಮಾಮ, ಹಾಡೇ ಹೀಗೆ" ಅಂದ.

ಅಯ್ಯೋ ರಾಮ. ಬೆಳಗಿನಿಂದ ನಾನು ಹೇಳುತ್ತಿದ್ದದ್ದೇನು?

ದೋಣಿಗಲ್ ಹತ್ತಿರ ಮಳೆ ಹಿಡಿಯಿತು. ದಿಲ್ಲಿಯ ಇಂಡಿಯನ್ ಓಷನ್ ತಂಡದ 2000ದ ಆಲ್ಬಂ ‘ಕಂಡೀಸಾ’ ಹಾಕಿ ವೈಪರ್ ಬಿಟ್ಟೆ. ಸುಸ್ಮಿತ್ ಸೇನ್ ಗಿಟಾರ್ ಕೇಳಿ ಅಕ್ಕ ಮೊದಲ ಸಲ ಹಾಡಿನ ಬಗ್ಗೆ ಬಾಯಿಬಿಟ್ಟು, "ಇದು ಚೆನ್ನಾಗಿದೆ, ಇದೇ ಇರಲಿ" ಅಂದಳು. ಪಂದ್ಯ ಅಲ್ಲಿಗೆ ಡ್ರಾ.

ನಿಮ್ಮ ಹತ್ತಿರ ಇರುವ ಹೆಸರುಗಳನ್ನು ಕೆಳಗೆ ಹಾಕಿ. ಕನ್ನಡದಲ್ಲಿ ಹಾಡುವ ಸಣ್ಣಪುಟ್ಟ ತಂಡಗಳಿದ್ದರೆ ಮೊದಲು ಹಾಕಿ. ರಘು ದೀಕ್ಷಿತ್, ವಾಸು ದೀಕ್ಷಿತ್, ಬಿಂದುಮಾಲಿನಿ, ಇವರೆಲ್ಲ ನನ್ನ ಪಟ್ಟಿಯಲ್ಲಿ ಆಗಲೇ ಇದ್ದಾರೆ, ಅವರ ಆಚೆಗಿನವರು ಬೇಕು. ಹಾಡಿನ ಜೊತೆ ಯಾವ ನಿಮಿಷಕ್ಕೆ ಕಿವಿ ಕೊಡಬೇಕು ಅಂತಲೂ ಬರೆಯಿರಿ.

ಮುಂದಿನ ರಾಮನವಮಿಗೆ ಹುಡುಗ ನನ್ನ ಜೊತೆ ಕೋಟೆ ಹೈಸ್ಕೂಲಿಗೆ ಬರಲು ಒಪ್ಪಿದ್ದಾನೆ. ತನಿ ಶುರುವಾಗುವ ಮೊದಲೇ ಕಾಫಿ, ಬೋಂಡ ಎಲ್ಲ ಕೊಡಿಸಿ ಕೂರಿಸಬೇಕಂತೆ. ಒಪ್ಪಿಕೊಂಡಿದ್ದೇನೆ.