ಕಡಲಿಗೆ ಹೋಗುವ ನೀರು ಪೋಲಾಗುವುದಿಲ್ಲ

ಕಳೆದ ತಿಂಗಳು ಶಿರಸಿ ಕಡೆ ಒಂದು ಮದುವೆ ಮನೆ. ಊಟ ಮುಗಿಸಿ ಕವಳ ಹಾಕುತ್ತಾ ಕುಳಿತಿದ್ದೆವು. ನೆಂಟರೊಬ್ಬರು ಹೇಳಿದರು, "ಅಘನಾಶಿನಿ ಹೊಳೆ ನೀರೆಲ್ಲ ಸುಮ್ನೆ ಸಮುದ್ರಕ್ಕೆ ಹೋಗಿ ಪೋಲಾಗ್ತು. ತಿರುಗಿಸಿ ಬಯಲುಸೀಮೆಗೆ ಕೊಟ್ರೆ ಪುಣ್ಯನಾದ್ರೂ ಬತ್ತು." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹನ್ನೆರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಅವತ್ತು ಅಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಘಟ್ಟದ ಮೇಲೆ, ಅಡಿಕೆ ತೋಟದ ಮನೆಯಲ್ಲಿ. ತೋಟಕ್ಕೆ ಸೊಪ್ಪು ಕೊಡುವ ಕಾಡು, ಸೊಪ್ಪಿನ ಬೆಟ್ಟ, ಇದೆ. ಮಳೆಗಾಲ ಮುಗಿದು ತಿಂಗಳುಗಟ್ಟಲೆ ಆದರೂ ಬೆಟ್ಟದ ಬುಡದಲ್ಲಿ ಅಬ್ಬಿ ನೀರು ಸಣ್ಣಗೆ ಬರುತ್ತಿರುತ್ತದೆ. ಆ ನೀರು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಹೊಳೆ ಘಟ್ಟ ಇಳಿದ ಮೇಲೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಯೋಚಿಸಿದ್ದಿಲ್ಲ. ಮೀನು ತಿನ್ನದ ಮನೆ. ಅಳಿವೆ (ಹೊಳೆ ಕಡಲು ಸೇರುವ ಜಾಗ), ಭರತ (ಕಡಲ ನೀರು ಏರುವುದು), ಇಳಿತ (ಅದು ಇಳಿಯುವುದು) ಇವೆಲ್ಲ ನಮಗೆ ಬೇರೆಯವರ ಮಾತು.

ನನಗೆ ಕುಮಟಾ ತಾಲೂಕಿನ ಶಾಲೆಗೆ ವರ್ಗ ಆಯಿತು. ಮೊದಲ ವರ್ಷ ಜನವರಿಯಲ್ಲಿ ಐದನೇ ತರಗತಿಯ ಒಬ್ಬಳು ಹುಡುಗಿ ಆಗಾಗ ತಡವಾಗಿ ಬರುತ್ತಿದ್ದಳು. ಒಂದು ದಿನ ತಡ, ಮರುವಾರ ಸರಿ, ಮತ್ತೆ ತಡ. ಕೇಳಿದರೆ, "ಇಳಿತ ಇತ್ತು ಅಕ್ಕೋರೇ" ಅಂದಳು. ಇಳಿತಕ್ಕೂ ಶಾಲೆಗೂ ಏನು ಸಂಬಂಧ? ಭಾನುವಾರ ಅವಳ ಜೊತೆ ಹೊಳೆಯಂಚಿಗೆ ಹೋದೆ.

ಸೀರೆ ಮೇಲಕ್ಕೆ ಕಟ್ಟಿದ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ನಿಂತಿರಲಿಲ್ಲ, ಕಾಲಲ್ಲಿ ಕೆಸರು ತಡಕುತ್ತಾ ಮೆಲ್ಲಗೆ ಸರಿಯುತ್ತಿದ್ದರು. ಹೆಬ್ಬೆರಳಿಗೆ ಗಟ್ಟಿಯಾದದ್ದು ತಾಗಿದರೆ ಸಾಕು, ಭುಜ ಮುಳುಗುವಷ್ಟು ಬಗ್ಗಿ ಒಂದು ಹಿಡಿ ಎತ್ತುತ್ತಾರೆ. ಕೆಸರು ತೊಳೆದು ಹೋಗಿ ಕೈಯಲ್ಲಿ ಬಳಚು, ಅಂದರೆ ತಿನ್ನುವ ಕಪ್ಪೆಚಿಪ್ಪು, ಉಳಿಯುತ್ತದೆ. ಸೊಂಟಕ್ಕೆ ಹಗ್ಗದಲ್ಲಿ ಕಟ್ಟಿದ ಬೋಗುಣಿ ಪಕ್ಕದಲ್ಲೇ ತೇಲುತ್ತಿರುತ್ತದೆ, ಬಳಚು ಅದಕ್ಕೆ ಬೀಳುತ್ತದೆ. ತೀರಾ ಸಣ್ಣದಿದ್ದರೆ ವಾಪಸ್ ನೀರಿಗೆ. ಹುಡುಗಿಯ ಅಮ್ಮ ಮಾತಾಡುತ್ತಲೇ ಇದ್ದರು, ಕಾಲು ತನ್ನ ಕೆಲಸ ಮಾಡುತ್ತಲೇ ಇತ್ತು. "ನೀರು ಬರೀ ಸಿಹಿ ಆದ್ರೂ ಬಳಚು ಇಲ್ಲ, ಬರೀ ಉಪ್ಪಾದ್ರೂ ಇಲ್ಲ. ಎರಡೂ ಕೂಡ್ಬೇಕು ಅಕ್ಕೋರೇ," ಅಂದರು.

ಆ ಸಿಹಿ ನೀರು ನಮ್ಮ ಬೆಟ್ಟದ್ದು. ಅವತ್ತು ಮೊದಲ ಸಲ ನನಗೆ ಅದು ಹೊಳೆಯಿತು.

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಹತ್ತಿರ ಕಡಲು ಸೇರುತ್ತದೆ. ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಕಾಡಲ್ಲಿ ರಾಮಪತ್ರೆ ಜಡ್ಡಿಗಳಿವೆ, ಬೇಸಿಗೆಯಲ್ಲೂ ಕಾಲಿಟ್ಟರೆ ಹೂತುಹೋಗುವ ಜೌಗು. ಸಿಂಗಳೀಕ ಇರುವ ಕಾಡು ಅಂತ 2011ರಲ್ಲಿ ಅದಕ್ಕೆ ರಕ್ಷಣೆ ಸಿಕ್ಕಿತು. ಆದರೆ ಅದೇ ಕಾಡು ಕೆಳಗೆ ಸಿಗಡಿಯನ್ನೂ ಸಾಕುತ್ತದೆ ಅಂತ ಯಾವ ಬೋರ್ಡಿನಲ್ಲೂ ಬರೆದಿಲ್ಲ. ಮಳೆಗಾಲದಲ್ಲಿ ಕೊಳೆತ ಎಲೆ, ಗೋಡು ಮಣ್ಣು ಎಲ್ಲ ಹೊತ್ತು ಹೊಳೆ ಇಳಿಯುತ್ತದೆ. ಆ ಗೋಡಿನ ಮೇಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರೂರುತ್ತವೆ. ಕಡಲಲ್ಲಿ ಹುಟ್ಟಿದ ಸಿಗಡಿ ಮರಿಗಳು ಭರತದ ನೀರಿನ ಜೊತೆ ಒಳಗೆ ಬಂದು ಆ ಬೇರುಗಳ ಸಂದಿಯಲ್ಲಿ ದೊಡ್ಡದಾಗಿ ಮತ್ತೆ ಕಡಲಿಗೆ ಹೋಗುತ್ತವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ ಕೊಟ್ಟು ಮೀನು ಉಳಿಸುತ್ತೇವೆ, ಒಳ್ಳೆಯದೇ. ಆದರೆ ಅವು ಬೆಳೆಯುವ ಮನೆಗೆ ನೀರು ಬರದಿದ್ದರೆ ರಜೆ ಕೊಟ್ಟು ಏನು ಬಂತು?

ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು ಸಿಗುತ್ತದೆ, 2,300ಕ್ಕೂ ಜಾಸ್ತಿ ಜನ ನೇರವಾಗಿ ಅದನ್ನೇ ನಂಬಿದ್ದಾರೆ ಅಂತ 2000ದ ದಶಕದಲ್ಲಿ ಅಧ್ಯಯನ ಮಾಡಿದವರು ಲೆಕ್ಕ ಹಾಕಿದ್ದರು. ಬೀಜ ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ, ಯಾರಿಗೂ ಸಬ್ಸಿಡಿ ಕೊಟ್ಟಿಲ್ಲ. ಇದನ್ನು ಪೋಲು ಅನ್ನಲು ಬಾಯಿ ಹೇಗೆ ಬರುತ್ತದೆ?

ಗಜನಿ ಭೂಮಿಯದೂ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳದೂ, ಇದೇ ಕತೆ. ಮಳೆಗಾಲದಲ್ಲಿ ಹೊಳೆ ನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಅನ್ನುವ ತಳಿಯ ಭತ್ತ ಬೆಳೆಯುತ್ತಾರೆ. ಅದು ಉಪ್ಪು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟರೆ ಕೊಳೆತ ಕೂಳೆಯ ನಡುವೆ ಸಿಗಡಿ, ಮೀನು. ಒಂದೇ ನೆಲದಲ್ಲಿ ಅನ್ನವೂ ಸಾರೂ. ತೊಂಬತ್ತರ ದಶಕದಲ್ಲಿ ಬರೀ ಸಿಗಡಿಯ ಆಸೆಗೆ ಬಿದ್ದು, ರೋಗ ಬಂದು, ಕೈಸುಟ್ಟುಕೊಂಡು ಗಜನಿ ಹಾಳುಬಿಟ್ಟವರು ಬಹಳ ಜನ. ಮಾಣಿಕಟ್ಟಾದ ರೈತರು ಮಾತ್ರ ಒಟ್ಟಾಗಿ ಕಗ್ಗ ಉಳಿಸಿಕೊಂಡಿದ್ದಾರೆ. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನೀರಿನ ಹದ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ಹೊನ್ನಾವರಕ್ಕೆ ಹೋದರೆ ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯಲ್ಲಿ ಕರೆಂಟ್ ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಇಳಿದು ಬರುತ್ತಲೇ ಇರುತ್ತದೆ. ಅಳಿವೆ ಸಪ್ಪೆಯಾಯಿತು. ಅಲ್ಲಿನ ಬಳಚು ಹೋಯಿತು, ಉಪ್ಪು ನೀರಿನ ಮೀನುಗಳು ಕಡಿಮೆಯಾದವು. ಆ ಕರೆಂಟಿನಲ್ಲಿ ಇಡೀ ರಾಜ್ಯ ಬೆಳಕು ಕಂಡಿದೆ, ಇಲ್ಲ ಅನ್ನುವುದಿಲ್ಲ. ಆದರೆ ಯೋಜನೆ ಬರೆದಾಗ ಬಳಚಿಗೆ ಒಂದು ಸಾಲೂ ಸಿಕ್ಕಿರಲಿಲ್ಲ. ಅಲ್ಲಿ ಸಿಹಿ ಜಾಸ್ತಿಯಾಗಿ ಕೆಟ್ಟಿತು. ಅಘನಾಶಿನಿಯನ್ನು ಪೂರ್ವಕ್ಕೆ ತಿರುಗಿಸಿದರೆ ಉಪ್ಪು ಜಾಸ್ತಿಯಾಗಿ ಕೆಡುತ್ತದೆ.

ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ನದಿ ಜೋಡಣೆ ಅಂತ ಮಾತು ಶುರುವಾದಾಗಲೆಲ್ಲ ಬಯಲುಸೀಮೆಯ ಗೆಳತಿಯರು ನನಗೆ ಬೈಯುತ್ತಾರೆ. "ನಿಮ್ಮಲ್ಲಿ ಮಳೆ ಸುರಿತದೆ, ನಮಗ ಕುಡಿಯಾಕ ನೀರಿಲ್ಲ." ಅವರ ಬಾಯಾರಿಕೆ ಸುಳ್ಳಲ್ಲ. ಕೊಡ ಹಿಡಿದು ಕಾಯುವ ಕಷ್ಟದ ಎದುರು ಬಳಚಿನ ಮಾತು ಸಣ್ಣದಾಗಿ ಕೇಳಿಸಬಹುದು ಅಂತ ನನಗೂ ಗೊತ್ತು. ಆದರೆ ಈ ಹೊಳೆಯಲ್ಲೂ ಬೇಸಿಗೆಗೆ ನೀರು ಮೊಣಕಾಲಿಗೆ ಬರುತ್ತದೆ. ನಮ್ಮ ಕಡೆಯೇ ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತಿವೆ. ಪೈಪು ಹಾಕಲು ಕಾಡು ಕಡಿದರೆ ಅಬ್ಬಿಯೂ ಬತ್ತುತ್ತದೆ. ಆಮೇಲೆ ತಿರುಗಿಸಲು ಏನು ಉಳಿಯುತ್ತದೆ? ಆ ದುಡ್ಡಲ್ಲಿ ಅಲ್ಲಿನ ಕೆರೆಗಳ ಹೂಳು ಮೊದಲು ತೆಗೆಯಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚಿದೆವು. ಆದರೆ ಪಟ್ಟಿಯಲ್ಲಿ ಇರುವುದು ಅಳಿವೆ. ಅದಕ್ಕೆ ನೀರು ಕೊಡುವ ಘಟ್ಟ ಬೇರೆ ಇಲಾಖೆಯ ಕಡತದಲ್ಲಿದೆ, ಮೀನು ಇನ್ನೊಂದರಲ್ಲಿ, ನೀರು ಮತ್ತೊಂದರಲ್ಲಿ. ಈ ಮೂರೂ ಕಡತ ಒಂದೇ ಮೇಜಿನ ಮೇಲೆ ಬರಬೇಕು.

ಜೋಡಣೆಯ ಬಗ್ಗೆ ಅಹವಾಲು ಕೇಳುವ ಸಭೆ ಮಾಡುವುದಾದರೆ ಬರೀ ಶಿರಸಿಯಲ್ಲಿ ಮಾಡಿ ಮುಗಿಸಬೇಡಿ. ಅಳಿವೆಯಂಚಿನ ಊರುಗಳಾದ ಅಘನಾಶಿನಿ, ಮಾಸೂರು, ಮಿರ್ಜಾನ್, ತದಡಿಗೂ ಬನ್ನಿ. ಬರುವಾಗ ಒಂದು ವಿಷಯ ನೆನಪಿಡಿ, ಸಭೆಯನ್ನು ಭರತದ ಹೊತ್ತಿಗೆ ಇಡಿ. ಇಳಿತಕ್ಕೆ ಇಟ್ಟರೆ ಆ ಹೆಂಗಸರು ಬರಲಾಗುವುದಿಲ್ಲ, ಅವರು ನೀರಲ್ಲಿರುತ್ತಾರೆ.