ಬೂಷ್ಟಿಗೂ ಬಂತು ಬೆಲೆ

ಉಪ್ಪಿನಕಾಯಿಗೆ ಬೂಷ್ಟು ಬಂದರೆ ನಮ್ಮ ಮನೆಯಲ್ಲಿ ಅದು ನೇರ ತಿಪ್ಪೆಗೆ ಹೋಗುತ್ತದೆ. ಕ್ಯಾಮೆರಾಕ್ಕೆ ಬಂದರೆ ಹಾಗಲ್ಲ ಎಂಬುದನ್ನು ನಾನು ಕಲಿತದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ. ಮಿಕ್ಸಿ ಜಾರು, ಒಂಟಿ ಬೂಟು, ಟೀವಿ ರಿಮೋಟುಗಳ ರಾಶಿಯ ನಡುವೆ ಜೆನಿತ್ ಎಂಬ ರಷ್ಯನ್ ಫಿಲ್ಮ್ ಕ್ಯಾಮೆರಾ ಕುಳಿತಿತ್ತು. ಎತ್ತಿ ಬೆಳಕಿಗೆ ಹಿಡಿದೆ. ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು.

‘ಬೂಷ್ಟು ಹಿಡಿದಿದೆಯಲ್ಲಪ್ಪಾ’ ಎಂದೆ.

ಮಾರುವವನು ಕನಿಕರದಿಂದ ನೋಡಿದ. ‘ಅದೇ ಸರ್ ವಿಂಟೇಜ್ ಲುಕ್. ಬೂಷ್ಟಿಲ್ಲದ್ದೇ ಬೇಕೆಂದರೆ ಮುನ್ನೂರು ಕಡಿಮೆ ಮಾಡಿ ಕೊಡುತ್ತೇನೆ.’

ಬೂಷ್ಟಿನದ್ದನ್ನೇ 1,800 ರೂಪಾಯಿಗೆ ತಂದೆ.

ಈ ಲೋಕದ ಭಾಷೆಯೇ ಬೇರೆ. ‘ಪರೀಕ್ಷಿಸಿಲ್ಲ’ ಎಂದರೆ ಪರೀಕ್ಷಿಸಿ ಕೈಚೆಲ್ಲಿದ್ದೇವೆ ಎಂದು ಅರ್ಥ. ಬೆಳಕಿನ ಮೀಟರು ಸತ್ತಿದ್ದರೆ ಅದು ‘ಪೂರ್ತಿ ಮ್ಯಾನ್ಯುಯಲ್’. ಅವಧಿ ಮೀರಿದ ಮಾತ್ರೆ ಮಾರಿದರೆ ಔಷಧ ಅಂಗಡಿಗೆ ಬೀಗ ಬೀಳುತ್ತದೆ. ಅವಧಿ ಮೀರಿದ ಫಿಲ್ಮು ಮಾರುವವನಿಗೆ ಮಾತ್ರ ಮುಂಗಡ ಕೊಟ್ಟು ಕಾಯುವ ಗಿರಾಕಿಗಳಿದ್ದಾರೆ. ನನ್ನ ಜೆನಿತಿನ ಮೂತಿಗಿರುವ ಹೀಲಿಯೋಸ್ 44 ಲೆನ್ಸಿನ ಕಥೆಯೂ ಇದೇ. ಅದರಲ್ಲಿ ತೆಗೆದ ಚಿತ್ರದ ಹಿನ್ನೆಲೆಯ ಎಲೆಗಳೆಲ್ಲ, ಪಿತ್ತ ಏರಿದವನ ಕಣ್ಣಿಗೆ ಕಂಡಂತೆ, ಸುಳಿ ಸುಳಿಯಾಗಿ ತಿರುಗುತ್ತವೆ. ಇದು ಲೆನ್ಸಿನ ದೋಷ ಎಂದು ಹೇಳಿ ನೋಡಿ, ನಿಮ್ಮನ್ನು ಪಂಕ್ತಿಯಿಂದಲೇ ಎಬ್ಬಿಸುತ್ತಾರೆ.

ಅಣ್ಣನ ಮಗಳದ್ದು ಇನ್ನೊಂದು ಪಂಥ. ಅವಳಿಗೆ ಫಿಲ್ಮು ತೀರಾ ಅಜ್ಜಂದಿರ ಕಾಲದ್ದು. 2005ರ ಆಸುಪಾಸಿನ ಡಿಜಿಟಲ್ ಕ್ಯಾಮೆರಾವೇ ಪುರಾತನ ವಸ್ತು. ನಮ್ಮ ಅಟ್ಟದ ಮೇಲೆ, ತೂತುಬಿದ್ದ ಕೊಳಗದ ಪಕ್ಕದಲ್ಲಿ ಬಿದ್ದಿದ್ದ ಐದು ಮೆಗಾಪಿಕ್ಸೆಲ್ಲಿನ ಡಬ್ಬವನ್ನು ಕಂಡು ಅವಳು ಕೂಗಿದ ಕೂಗಿಗೆ ಕೆಳಗಿದ್ದ ನನ್ನ ಅತ್ತಿಗೆ ಹಾವೆಂದುಕೊಂಡು ದೊಣ್ಣೆ ತಂದರು. ‘ಸಿಸಿಡಿ ಸೆನ್ಸರ್ ಚಿಕ್ಕಪ್ಪಾ, ಈಗೆಲ್ಲಿ ಸಿಗುತ್ತದೆ!’ ಬೆಳಕನ್ನು ಚಿತ್ರವಾಗಿಸುವ ಆ ಕಾಲದ ಚಿಪ್ಪು ಅದು. ಸರಿ. ಆದರೆ ಆ ಡಬ್ಬಕ್ಕೆ ಹಾಕುವುದು ಎಕ್ಸ್‌ಡಿ ಎಂಬ ಮೆಮೊರಿ ಕಾರ್ಡು. ಆ ಜಾತಿಯ ಕಾರ್ಡಿನ ವಂಶವೇ ನಿಂತು ಹೋಗಿದೆ. ಮನೆಯ ಯಾವ ಕಂಪ್ಯೂಟರಿನಲ್ಲೂ ಅದನ್ನು ತೂರಿಸುವ ಕಂಡಿಯಿಲ್ಲ. ಹುಡುಗಿ ಎದೆಗುಂದಲಿಲ್ಲ. ಕ್ಯಾಮೆರಾದಲ್ಲಿ ಬೆಕ್ಕಿನ ಚಿತ್ರ ತೆಗೆದಳು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಬೆಕ್ಕು ಕಂಡಿತು. ಆ ಪರದೆಯ ಚಿತ್ರವನ್ನು ತನ್ನ ಐವತ್ತು ಮೆಗಾಪಿಕ್ಸೆಲ್ಲಿನ ಮೊಬೈಲಿನಲ್ಲಿ ತೆಗೆದು ಇನ್‌ಸ್ಟಾಗ್ರಾಮಿಗೆ ಏರಿಸಿದಳು. ಬೆಕ್ಕು ಅಷ್ಟು ಹೊತ್ತೂ ಅಲ್ಲೇ ಕುಳಿತಿತ್ತು.

ಅವಳ ಗೆಳತಿಯ ಬ್ಯಾಗಿಗೆ ಬೀಗದ ಕೈಯ ಗೊಂಚಲಿನಂತೆ ನೇತಾಡುವುದು ಕೊಡಾಕ್ ಹೆಸರಿನ, 2025ರಲ್ಲಿ ಬಂದ ಚಾರ್ಮೆರಾ ಎಂಬ ಪುಟಾಣಿ ಡಿಜಿಟಲ್ ಕ್ಯಾಮೆರಾ. ಅದರ ಶಕ್ತಿ 1.6 ಮೆಗಾಪಿಕ್ಸೆಲ್. ಇದೇ ಕೊಡಾಕಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದು 0.01 ಮೆಗಾಪಿಕ್ಸೆಲ್ಲಿನದು, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಐವತ್ತರಿಂದ ಐದಕ್ಕೆ, ಐದರಿಂದ ಒಂದೂವರೆಗೆ ಇಳಿದಿದ್ದೇವೆ. ಈ ವೇಗದಲ್ಲಿ ಹೋದರೆ ಮುಂದಿನ ದಸರಾಕ್ಕೆ ಸ್ಯಾಸನ್ನರ ಡಬ್ಬವನ್ನು ಮುಟ್ಟುತ್ತೇವೆ.

ನನ್ನ ಪಂಥದ ಖರ್ಚು ಬೇರೆ. ಫಿಲ್ಮಿಗೆ 1,100, ತೊಳೆಸಿ ಸ್ಕ್ಯಾನ್ ಮಾಡಿಸಲು 500. ಮೂವತ್ತಾರು ಚಿತ್ರಕ್ಕೆ ಹಂಚಿದರೆ ಒಂದು ಕ್ಲಿಕ್ಕಿಗೆ 44 ರೂಪಾಯಿ. ಅಂದರೆ ಕಣ್ಣು ಮುಚ್ಚಿಕೊಂಡ ಮಾವನ ಒಂದು ಭಾವಚಿತ್ರಕ್ಕೆ ದರ್ಶಿನಿಯ ಒಂದು ಪ್ಲೇಟ್ ಇಡ್ಲಿ. ಜೆನಿತಿನ ಮೀಟರು ಸತ್ತಿರುವುದರಿಂದ ಬೆಳಕನ್ನು ಮೊಬೈಲಿನ ಆ್ಯಪಿನಲ್ಲಿ ಅಳೆಯುತ್ತೇನೆ. ಆಮೇಲೆ ಕಿಸೆಗೆ ಮೊಬೈಲು ಇಳಿಸಿ, ಕತ್ತಿಗೆ ಸುಮಾರು ಒಂದು ಕಿಲೋ ತೂಗುವ ಕಬ್ಬಿಣ ಏರಿಸಿ ಚಿತ್ರ ತೆಗೆಯುತ್ತೇನೆ. ಸ್ಕ್ಯಾನ್ ಆದ ಚಿತ್ರ ಮತ್ತೆ ಬಂದು ಬೀಳುವುದು ಅದೇ ಮೊಬೈಲಿಗೆ.

ಇದನ್ನೆಲ್ಲ ನಮ್ಮೂರಿನ ಸ್ಟುಡಿಯೋ ರಾಯರಿಗೆ ವಿವರಿಸಿದೆ. ಎಂಬತ್ತು ದಾಟಿದವರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆಯ ‘ಇಂದು’ ಫಿಲ್ಮಿನಲ್ಲಿ ಅರ್ಧ ಆಯುಷ್ಯ ತೆಗೆದವರು. ಇಂದು ಎಂಬುದು ಹಿಂದಾಗಿ ಎಷ್ಟೋ ಕಾಲವಾಯಿತು, ಕಾರ್ಖಾನೆಗೂ ಬೀಗ ಬಿತ್ತು. ರಾಯರು ಚೂಪಾದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಚುಕ್ಕಿ ಇಟ್ಟಿಟ್ಟು ವಧುವಿನ ಮುಖದ ಸಿಡುಬಿನ ಕಲೆ ಅಳಿಸುತ್ತಿದ್ದರಂತೆ. ಒಂದು ಮುಖಕ್ಕೆ ಒಂದು ಮಧ್ಯಾಹ್ನ. ಈಗ ಮೊಬೈಲಿನಲ್ಲಿ ನುಣುಪಾಗಿ ಬಂದ ಚಿತ್ರಕ್ಕೆ ಗೀರು, ಧೂಳು, ಕಲೆ ಹಾಕಲು ಆ್ಯಪ್‌ಗಳಿವೆ ಎಂದೆ. ರಾಯರು ಬಹಳ ಹೊತ್ತು ಸುಮ್ಮನಿದ್ದು, ‘ದುಡ್ಡು ಕೊಟ್ಟೇ?’ ಎಂದರು.

ಅವರು ಹೇಳಿದ ಇನ್ನೊಂದು ವಿದ್ಯೆ ಖಾಲಿ ಫ್ಲ್ಯಾಷಿನದು. ಮದುವೆಗೆ ಮೂರು ರೋಲೆಂದು ಮಾತಾಗಿರುತ್ತದೆ. ವೇದಿಕೆಗೆ ಬರುವವರು ನಾಲ್ಕುನೂರು. ಉಡುಗೊರೆ ಕೊಟ್ಟವರೆಲ್ಲ ಕ್ಯಾಮೆರಾ ನೋಡದೆ ಇಳಿಯುವುದಿಲ್ಲ. ದೂರದ ನೆಂಟರು ಬಂದಾಗ ಹುಡುಗಿಯ ತಂದೆ ಹುಬ್ಬು ಹಾರಿಸುತ್ತಿದ್ದರು. ರಾಯರು ಫಿಲ್ಮು ಮುಟ್ಟದೆ ಬರೀ ಫ್ಲ್ಯಾಷ್ ಹೊಡೆಯುತ್ತಿದ್ದರು. ನೆಂಟರು ತೃಪ್ತರಾಗಿ ಊಟದ ಪಂಕ್ತಿಗೆ ಹೋಗುತ್ತಿದ್ದರು.

ಕಳೆದ ವೈಶಾಖದಲ್ಲಿ ಸಾಗರದ ಬಳಿ ಚಿಕ್ಕಮ್ಮನ ಮಗಳ ಮದುವೆ. ಬಾಡಿಗೆಗೆ ಬಂದ ತಂಡದ ಬಳಿ ಡ್ರೋನ್ ಸಹಿತ ಎಲ್ಲವೂ ಇತ್ತು. ಆದರೂ ನಾನು ಜೆನಿತ್ ಹಿಡಿದು ನಿಂತದ್ದೇ ತಡ, ಮುದುಕರೆಲ್ಲ ನನ್ನ ಕಡೆ ತಿರುಗಿದರು. ಹಳೆಯ ಕ್ಯಾಮೆರಾ ಕಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ದೊಡ್ಡಪ್ಪ ಶಾಲು ಸರಿಮಾಡಿಕೊಂಡರು, ಸೋದರತ್ತೆ ಕನ್ನಡಕ ತೆಗೆದರು. ಧಾರೆಗೆ ಆರು, ಸಪ್ತಪದಿಗೆ ಏಳು ಎಂದು ಲೆಕ್ಕ ಹಾಕಿ ಹೊಡೆದೆ. ಲಿವರ್ ತಿರುಗಿಸಿದಾಗಿನ ಕರಕರ ಸದ್ದು, ಒತ್ತಿದಾಗಿನ ‘ಟಕ್’! ಡ್ರೋನಿನವನೂ ಕಣ್ಣರಳಿಸಿ ನೋಡಿದ. ಮೂವತ್ತಾರು ಮುಗಿದರೂ ಲಿವರ್ ತಿರುಗಿತು. ಒಂದೆರಡು ಹೆಚ್ಚು ಬರುವುದುಂಟು. ಮೂವತ್ತೊಂಬತ್ತಾಯಿತು, ನಲವತ್ತೆರಡಾಯಿತು. ರಷ್ಯದವರು ಧಾರಾಳಿಗಳು ಎಂದುಕೊಂಡೆ.

ಮುಂದಿನ ಸಾಲಿನ ಕುರ್ಚಿಯಿಂದ ರಾಯರು ಕೈಸನ್ನೆ ಮಾಡಿ ಕರೆದರು. ಕ್ಯಾಮೆರಾದ ಎಡತುದಿಯ ಗುಂಡಿಯ ಮೇಲೆ ಬೆರಳಿಟ್ಟು, ‘ಲಿವರ್ ತಿರುಗಿಸು’ ಎಂದರು. ತಿರುಗಿಸಿದೆ. ಫಿಲ್ಮು ಸರಿಯುತ್ತಿದ್ದರೆ ಆ ಗುಂಡಿಯೂ ತಿರುಗಬೇಕು. ಅದು ಗರುಡಗಂಬದಂತೆ ನಿಂತಿತ್ತು. ಫಿಲ್ಮಿನ ನಾಲಿಗೆ ಹಲ್ಲಿಗೆ ಕಚ್ಚಿಕೊಳ್ಳದೆ, ಬೆಳಗಿನಿಂದ ಡಬ್ಬಿಯಲ್ಲೇ ಸುಖನಿದ್ರೆಯಲ್ಲಿತ್ತು.

‘ನಾವೂ ಹೀಗೆ ಹೊಡೆದವರೇ ಮಾರಾಯ. ಆದರೆ ಗೊತ್ತಿದ್ದು ಹೊಡೆಯುತ್ತಿದ್ದೆವು’ ಎಂದು ರಾಯರು ಪಿಸುಗುಟ್ಟಿದರು. ಅಷ್ಟರಲ್ಲಿ ಹುಡುಗನ ಕಡೆಯವರು ಹನ್ನೊಂದು ಜನ ಸಾಲಾಗಿ ನಿಂತು ನನಗಾಗಿ ಕಾಯುತ್ತಿದ್ದರು. ಹೋಗಿ ಹೊಡೆದೆ.

ಚಿಕ್ಕಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ‘ಫಿಲ್ಮಲ್ಲವೇ ಚಿಕ್ಕಮ್ಮಾ, ನಿಧಾನ’ ಎನ್ನುತ್ತೇನೆ. ‘ಅದೂ ಹೌದು, ಆ ಕಾಲದ್ದೆಲ್ಲ ಹಾಗೆಯೇ ಚೆಂದ’ ಎಂದು ಅವರು ಫೋನಿಡುತ್ತಾರೆ.